ಡೆಂಟಿಂಗ್‌ಗೆ ಮುನ್ನ ಹಳೆಯ ಕಾರಿನ ಬಾಗಿಲ ಗಾಜು ಬಿಚ್ಚುವ ಕ್ರಮ: ಅಂಬಾಸಿಡರ್, ಪದ್ಮಿನಿ ಮಾಲೀಕರಿಗೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇಂದಿಗೂ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಉಳಿಸಿಕೊಂಡವರು ಇದ್ದಾರೆ. ಅಪ್ಪನ ಕಾಲದಿಂದ ಮನೆಯಲ್ಲೇ ನಿಂತ ಗಾಡಿ ಕೆಲವರದ್ದಾದರೆ, ಸರ್ಕಾರಿ ಕಚೇರಿಯ ಹರಾಜಿನಲ್ಲಿ ಕೊಂಡದ್ದು ಇನ್ನು ಕೆಲವರದ್ದು. ಇಂಥ ಗಾಡಿಯನ್ನು ಡೆಂಟಿಂಗ್-ಪೇಂಟಿಂಗ್‌ಗೆ ಬಿಡಲು ಹೋದಾಗ ಗ್ಯಾರೇಜಿನಲ್ಲಿ ಬಹಳ ಸಲ ಸಿಗುವ ಸಲಹೆ ಎಂದರೆ, ಗಾಜು ಬಿಚ್ಚುವ ಉಸಾಬರಿ ಬೇಡ, ಪೇಪರ್ ಮತ್ತು ಟೇಪ್ ಅಂಟಿಸಿ ಬಣ್ಣ ಹೊಡೆದರಾಯಿತು ಎಂಬುದು. ಸಣ್ಣ ಗೀರು ಮುಚ್ಚುವ ಕೆಲಸಕ್ಕೆ ಈ ಸಲಹೆ ನಡೆಯುತ್ತದೆ. ಬಾಗಿಲಿನ ತಗಡನ್ನು ಬಡಿದು, ತುಕ್ಕು ಕತ್ತರಿಸಿ, ವೆಲ್ಡಿಂಗ್ ಮಾಡುವ ಕೆಲಸಕ್ಕೆ ನಡೆಯುವುದಿಲ್ಲ.

ಕಾರಣಗಳು ಹಲವು. ಗ್ರೈಂಡರ್‌ನಿಂದ ಹಾರುವ ಕಿಡಿ ಎಂದರೆ ಕೆಂಪಗೆ ಕಾದ ಉಕ್ಕಿನ ಕಣ. ಅದು ಪೇಪರನ್ನು ಸುಟ್ಟು ಗಾಜಿಗೆ ತಾಗಿದಲ್ಲಿ ಅಂಟಿ ಕೂರುತ್ತದೆ. ಮೇಲೆ ಬೆರಳಾಡಿಸಿದರೆ ತರಿತರಿಯಾಗಿ ತಗಲುತ್ತದೆ, ಕಿತ್ತರೆ ಗುಳಿ ಉಳಿಯುತ್ತದೆ, ಪಾಲಿಶ್‌ಗೆ ಹೋಗುವುದಿಲ್ಲ. ಬಾಗಿಲಿನ ತಗಡಿಗೆ ಬೀಳುವ ಸುತ್ತಿಗೆ ಏಟಿನ ಕಂಪನ ಗಾಜಿನ ಅಂಚಿಗೆ ಮುಟ್ಟಿದರೆ ಇಡೀ ಗಾಜು ಒಮ್ಮೆಲೇ ಪುಡಿಯಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಜು ಕೂತಿರುವಾಗ ಬಣ್ಣವು ರಬ್ಬರಿನ ಅಂಚಿನವರೆಗೆ ಮಾತ್ರ ತಲುಪುತ್ತದೆ, ಅದರ ಕೆಳಗಿನ ಬರಿಯ ಕಬ್ಬಿಣಕ್ಕೆ ತಲುಪುವುದಿಲ್ಲ. ತುಕ್ಕು ಹುಟ್ಟುವುದು ಆ ಜಾಗದಲ್ಲೇ ಆದ್ದರಿಂದ, ಹೊಸ ಬಣ್ಣದ ಅಡಿಯಿಂದ ಅದು ಮತ್ತೆ ಉಬ್ಬಿ ಮೇಲೇಳುತ್ತದೆ. ಹಾಗಾಗಿ ಗಾಜು ಬಿಚ್ಚುವುದನ್ನು ಬಣ್ಣದ ಕೆಲಸದ ಮೊದಲ ಹಂತವೆಂದೇ ಎಣಿಸಬೇಕು.

ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಆಧಾರದ ಮೇಲೆ 1958ರಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಪದ್ಮಿನಿಯು ಫಿಯೆಟ್ 1100 ಡಿ ಕಾರಿನ ಲೈಸೆನ್ಸ್ ಮೇಲೆ ಮುಂಬೈನ ಕುರ್ಲಾದಲ್ಲಿ ತಯಾರಾಯಿತು. ದಶಕಗಟ್ಟಲೆ ಒಂದೇ ಆಕಾರದಲ್ಲಿ ಬಂದರೂ ಒಳಗಿನ ಸ್ಕ್ರೂ, ಕ್ಲಿಪ್, ಪಿನ್ನುಗಳು ವರ್ಷದಿಂದ ವರ್ಷಕ್ಕೆ ಬದಲಾಗಿವೆ, ಮೇಲಾಗಿ ನಡುವೆ ಎಷ್ಟೋ ಕೈಗಳು ಬಿಚ್ಚಿ ಜೋಡಿಸಿವೆ. ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ಹಿಡಿದುಕೊಂಡೇ, ನಿಮ್ಮ ಬಾಗಿಲಿನಲ್ಲಿ ನಿಜಕ್ಕೂ ಏನಿದೆ ಎಂಬುದನ್ನು ನೋಡಿ ಮುಂದುವರಿಯಬೇಕು.

ಮೊದಲು ಗಾಜನ್ನು ಗುರುತಿಸಿ

ಕಾರ್ಖಾನೆಯಿಂದ ಬಂದ ಬಾಗಿಲ ಗಾಜು ಸಾಮಾನ್ಯವಾಗಿ ಟಫನ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿ ಹಾಯಿಸಿ ದಿಢೀರನೆ ತಣಿಸುತ್ತಾರೆ. ಆಗ ಮೇಲ್ಮೈ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಒಳಭಾಗ ಎಳೆತದಲ್ಲಿ ಉಳಿಯುತ್ತದೆ. ಅಂಗೈಯಲ್ಲಿ ಜೋರಾಗಿ ತಳ್ಳಿದರೂ ತಾಳುವ ಈ ಗಾಜು, ಅಂಚಿಗೆ ಗಟ್ಟಿ ಕಲ್ಲಿನ ಅಥವಾ ಕಬ್ಬಿಣದ ಮೂಲೆಯೊಂದು ಸಣ್ಣದಾಗಿ ತಾಗಿದರೆ ಪೂರ್ತಿ ಚೂರಾಗುವುದು ಇದರಿಂದಲೇ. ಮುಂದಿನ ಎಲ್ಲ ಎಚ್ಚರಿಕೆಗಳಿಗೂ ಇದೇ ಮೂಲ: ಮುಖಕ್ಕಿಂತ ಅಂಚಿನ ಬಗ್ಗೆ ಹೆಚ್ಚು ಯೋಚಿಸಬೇಕು.

ಗಾಜಿನ ಮೂಲೆಯಲ್ಲಿ ತಯಾರಕರ ಗುರುತು, ಕೆಲವೊಮ್ಮೆ ಐಎಸ್ 2553 ಎಂಬ ಭಾರತೀಯ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ. ಗುರುತೇ ಇಲ್ಲದೆ, ಅಂಚು ಒರಟಾಗಿದ್ದರೆ, ಹಿಂದೆ ಯಾರೋ ಕಿಟಕಿಗೆ ಹಾಕುವ ಸಾದಾ ಗಾಜನ್ನೇ ಕತ್ತರಿಸಿ ಕೂರಿಸಿರಬಹುದೆಂದು ಅನುಮಾನಿಸಬೇಕು. ಅದು ಒಡೆದರೆ ಚಾಕುವಿನಂಥ ಉದ್ದ ಸೀಳುಗಳಾಗುತ್ತದೆ. ಅಂಥದ್ದನ್ನು ಬಿಚ್ಚುವಾಗ ಗಾಜಿನ ಎರಡೂ ಮುಖಕ್ಕೆ ಅಗಲವಾದ ಟೇಪನ್ನು ಅಡ್ಡಡ್ಡ ಅಂಟಿಸಿಕೊಳ್ಳಿ, ಮರಳಿ ಅದನ್ನೇ ಕೂರಿಸುವ ಯೋಚನೆ ಮಾಡಬೇಡಿ.

ಜಾಗ, ಹೊತ್ತು, ಸಲಕರಣೆ

ನಮ್ಮ ಕಡೆಯ ಬಹುತೇಕ ಅಂಗಳ ಮತ್ತು ಗ್ಯಾರೇಜುಗಳ ನೆಲ ಶಹಾಬಾದ್ ಫರಸಿಯದು. ಟಫನ್ಡ್ ಗಾಜಿಗೆ ಅದಕ್ಕಿಂತ ದೊಡ್ಡ ವೈರಿಯಿಲ್ಲ. ಬರಿಯ ಫರಸಿಯ ಮೇಲೆ ಗಾಜಿನ ಮೂಲೆಯನ್ನು ಒಂದು ಕ್ಷಣ ಊರುವುದೂ ಅಪಾಯ. ಆದ್ದರಿಂದ ಬಾಗಿಲಿನ ಕೆಳಗೆ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಗೋಣಿಚೀಲವನ್ನು ಬಳಸುವುದಾದರೆ ಜಾಡಿಸಿ ನೋಡಿ, ಅದರ ನಾರಿನಲ್ಲಿ ಸಿಕ್ಕಿಕೊಂಡ ಹರಳು ಗಾಜಿಗೆ ಗೀರು ಹಾಕುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಗಾಡಿಯ ಗಾಜಿಗೆ ಬಾವಿಯ ತಣ್ಣೀರು ಸುರಿಯಬೇಡಿ. ಅಂಚಿನಲ್ಲಿ ಮೊದಲೇ ಚಕ್ಕೆ ಎದ್ದಿದ್ದರೆ ಬಿರುಕು ಅಲ್ಲಿಂದಲೇ ಓಡಬಹುದು. ಬೆಳಗಿನ ಎಳೆಬಿಸಿಲಿನಿಂದ ಮಾತ್ರ ಒಂದು ಉಪಕಾರವಿದೆ. ಬಾಗಿಲನ್ನು ಅರ್ಧ ಗಂಟೆ ಅದಕ್ಕೆ ಒಡ್ಡಿದರೆ ಸೆಟೆದ ರಬ್ಬರ್ ಬೀಡಿಂಗ್ (ಗಾಜಿನ ಪಕ್ಕಕ್ಕೆ ಕೂತ ಪಟ್ಟಿ) ಸ್ವಲ್ಪ ಮೆತ್ತಗಾಗಿ ಹರಿಯದೆ ಬರುತ್ತದೆ. ಆಮೇಲೆ ಗಾಡಿಯನ್ನು ನೆರಳಿಗೆ ತಂದು ಕೆಲಸ ಹಿಡಿಯಿರಿ.

ಸಲಕರಣೆ ಹೆಚ್ಚೇನೂ ಬೇಡ. ಚಪ್ಪಟೆ ಮತ್ತು ನಕ್ಷತ್ರ ಮೊನೆಯ ಸ್ಕ್ರೂಡ್ರೈವರ್‌ಗಳು, ಪಾನಾ ಸೆಟ್ಟು, ಪಕ್ಕಡ್, ಸಣ್ಣ ಪಂಚು, ಹಗುರ ಸುತ್ತಿಗೆ, ಅಗಲವಾದ ಪುಟ್ಟಿ ಹಚ್ಚುವ ಬ್ಲೇಡು, ಮರದ ನಾಲ್ಕು ಬೆಣೆಗಳು, ಬಟ್ಟೆಯ ಪಟ್ಟಿ, ತುಕ್ಕು ಬಿಡಿಸುವ ಸ್ಪ್ರೇ, ಸೋಪಿನ ನೀರು, ಟೇಪು, ಮಾರ್ಕರ್ ಪೆನ್ನು ಇದ್ದರೆ ಸಾಕು. ಕೈಗೆ ದಪ್ಪ ಗ್ಲೌಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಅಂಬಾಸಿಡರ್ ಪಾರ್ಟುಗಳ ನಟ್ಟು-ಬೋಲ್ಟುಗಳಲ್ಲಿ ಇಂಚಿನ ಅಳತೆಯವು ಬಹಳ. ಮಿಲಿಮೀಟರ್ ಪಾನಾವನ್ನು ಹೇಗೋ ಹೊಂದಿಸಿ ತಿರುಗಿಸಲು ಹೋದರೆ ಬೋಲ್ಟಿನ ತಲೆ ಸವೆದು ಕೆಲಸ ದುಪ್ಪಟ್ಟಾಗುತ್ತದೆ. ಜೊತೆಗೆ ಗಾಜು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಕೈ ಹಾಕುವ ಮೊದಲು ಪ್ರತಿ ಬಾಗಿಲಿನ ಒಳಗೆ-ಹೊರಗೆ ಫೋಟೋ ತೆಗೆದುಕೊಳ್ಳಿ. ಗಾಜು ಪೂರ್ತಿ ಮೇಲಿರುವಾಗ ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆ, ಕೆಳಗಿಳಿಯಲು ಎಷ್ಟು ಸುತ್ತು ಹಿಡಿಯುತ್ತದೆ ಎಂಬುದನ್ನು ಬರೆದಿಡಿ. ಬಾಗಿಲಲ್ಲಿ ಸ್ಪೀಕರ್ ಇದ್ದರೆ ಬ್ಯಾಟರಿಯ ತಂತಿ ಕಳಚಿ. ಬಾಗಿಲಿಗೊಂದರಂತೆ ನಾಲ್ಕು ಡಬ್ಬಿಗಳನ್ನು ಇಟ್ಟುಕೊಂಡರೆ ಒಂದರ ಸ್ಕ್ರೂ ಇನ್ನೊಂದಕ್ಕೆ ಹೋಗುವುದಿಲ್ಲ.

ಹ್ಯಾಂಡಲ್ ಮತ್ತು ಡೋರ್ ಪ್ಯಾಡ್

ಗಾಜು ಏರಿಸುವ ಹ್ಯಾಂಡಲ್ ಮೂರು ರೀತಿಯಲ್ಲಿ ಕೂತಿರಬಹುದು. ನಡುವೆ ಸ್ಕ್ರೂ ಕಂಡರೆ ಕೆಲಸ ಸುಲಭ. ಸ್ಕ್ರೂ ಕಾಣದಿದ್ದರೆ, ಹ್ಯಾಂಡಲ್ ಹಿಂದಿನ ದುಂಡು ಬಿಲ್ಲೆಯನ್ನು ಬಾಗಿಲ ಕಡೆಗೆ ಒತ್ತಿ ಹಿಡಿದು ಬ್ಯಾಟರಿ ಬೆಳಕು ಬಿಟ್ಟು ನೋಡಿ. ಅಡ್ಡಲಾಗಿ ಒಂದು ಪಿನ್ ಕಾಣಿಸಿದರೆ ಅದನ್ನು ಸಣ್ಣ ಪಂಚಿನಿಂದ ಹೊರದೂಡಬೇಕು. ತುಕ್ಕು ಹಿಡಿದ ಪಿನ್ನಿಗೆ ಏಟು ಹಾಕುವಾಗ ಎದುರು ಬದಿಗೆ ಭಾರವಾದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಏಟು ನೇರವಾಗಿ ಗಾಜನ್ನು ಏರಿಳಿಸುವ ಒಳಗಿನ ಗ್ಲಾಸ್ ಮಷೀನಿನ ಹಲ್ಲುಗಳಿಗೆ ಹೋಗುತ್ತದೆ.

ಮೂರನೆಯದು ಸ್ಪ್ರಿಂಗ್ ಕ್ಲಿಪ್. ಇದಕ್ಕೆ ಹಳೆಯ ಉಸ್ತಾದರು ಬಳಸುವ ಬಟ್ಟೆಯ ಉಪಾಯವೇ ಉತ್ತಮ. ಎರಡು ಬೆರಳಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಹ್ಯಾಂಡಲ್ ಮತ್ತು ಬಿಲ್ಲೆಯ ನಡುವೆ ತೂರಿಸಿ, ಎರಡೂ ತುದಿಯನ್ನು ಹಿಡಿದು, ಕ್ಲಿಪ್ಪಿನ ಬಾಯಿ ಇರುವ ದಿಕ್ಕನ್ನು ಹುಡುಕುತ್ತ ಎಡಕ್ಕೂ ಬಲಕ್ಕೂ ಎಳೆದಾಡಬೇಕು. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿ, ಟಿಕ್ ಎಂದು ಸದ್ದಾಗಿ ಕ್ಲಿಪ್ ಚಿಮ್ಮುತ್ತದೆ. ಚಿಮ್ಮಿದ ಕ್ಲಿಪ್ ಸೀಟಿನ ಕೆಳಗೆ ಸೇರಿಕೊಂಡರೆ ಹುಡುಕುವುದೇ ಒಂದು ಕೆಲಸವಾದ್ದರಿಂದ, ಇನ್ನೊಬ್ಬರು ಮೇಲಿಂದ ಟವೆಲ್ ಅಡ್ಡ ಹಿಡಿದಿರಲಿ. ಬಿಚ್ಚಿದ ಹ್ಯಾಂಡಲನ್ನು ದೂರ ಇಡಬೇಡಿ. ಮುಂದೆ ಗಾಜನ್ನು ಏರಿಳಿಸಲು ಅದನ್ನು ದಂಡಕ್ಕೆ ಸುಮ್ಮನೆ ಸಿಕ್ಕಿಸಿ ಬಳಸಬೇಕಾಗುತ್ತದೆ.

ಬಾಗಿಲು ತೆರೆಯುವ ಒಳಹ್ಯಾಂಡಲ್, ಕೈ ಊರುವ ಆರ್ಮ್‌ರೆಸ್ಟ್ ತೆಗೆದ ಮೇಲೆ ಡೋರ್ ಪ್ಯಾಡ್. ಇದು ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್. ವರ್ಷಗಟ್ಟಲೆ ಮಳೆನೀರು ಕುಡಿದು ಕೆಳ ಅಂಚು ಉಬ್ಬಿ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ಕೈಯಿಂದ ಹಿಡಿದು ಎಳೆದರೆ ಕ್ಲಿಪ್ ಬಾಗಿಲಲ್ಲೇ ಉಳಿದು ಬೋರ್ಡ್ ಮಾತ್ರ ಕಿತ್ತು ಬರುತ್ತದೆ. ಅಗಲ ಬ್ಲೇಡನ್ನು ಪ್ಯಾಡಿನ ಹಿಂದೆ ತೂರಿಸಿ, ಕ್ಲಿಪ್ ತಗಲುವವರೆಗೆ ಸರಿಸಿ, ಕ್ಲಿಪ್ಪಿನ ಬುಡದಲ್ಲೇ ಮೀಟಬೇಕು. ಅಂಚಿನಲ್ಲಿ ಸ್ಕ್ರೂಗಳೂ ಇರಬಹುದು, ನೋಡಿಕೊಳ್ಳಿ. ಪ್ಯಾಡಿನ ಹಿಂದೆ ಪ್ಲಾಸ್ಟಿಕ್ ಹಾಳೆ ಅಥವಾ ಡಾಂಬರು ಕಾಗದ ಇದ್ದರೆ, ಹರಿದಿದ್ದರೂ ಎಸೆಯಬೇಡಿ. ಬಾಗಿಲೊಳಗೆ ಇಳಿದ ನೀರು ಪ್ಯಾಡಿಗೆ ತಾಗದಂತೆ ತಡೆಯುವುದು ಅದೇ. ಹೊಸದನ್ನು ಕತ್ತರಿಸಲು ಅಳತೆಯೂ ಅದೇ.

ಈಗ ಗಾಜನ್ನು ಪೂರ್ತಿ ಕೆಳಗಿಳಿಸಿ, ಗಾಜು ಒಳಹೋಗುವ ಸೀಳಿನ ಎರಡೂ ಬದಿಯ ಬೀಡಿಂಗ್ ಪಟ್ಟಿಗಳನ್ನು ತೆಗೆಯಿರಿ. ಒಳಗಿನದು ಸುಲಭ. ಹೊರಗಿನ ಹೊಳಪಿನ ಪಟ್ಟಿ ತೆಳ್ಳಗಿದ್ದು ಒಮ್ಮೆ ಬಾಗಿದರೆ ನೆಟ್ಟಗಾಗುವುದಿಲ್ಲ; ಆದ್ದರಿಂದ ಒಂದು ತುದಿಯಿಂದ ಎಳೆಯದೆ, ಪ್ರತಿ ಕ್ಲಿಪ್ಪಿನ ಬಳಿ ಮರದ ಬೆಣೆಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತ ಬನ್ನಿ.

ಗಾಜು ಇಳಿಯದಿದ್ದರೆ

ನಮ್ಮ ಭಾಗದ ಎರೆಮಣ್ಣಿನ ಧೂಳು, ಗಾಜಿನ ಅಂಚು ಜಾರುವ ಮೆತ್ತನೆ ಬಟ್ಟೆ ಹೊದಿಸಿದ ತೋಡಿನಲ್ಲಿ, ಅಂದರೆ ಫೆಲ್ಟ್ ಚಾನಲ್‌ನಲ್ಲಿ ತುಂಬಿ, ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಗಟ್ಟಿಯಾಗಿ ಗಾಜನ್ನು ಕಚ್ಚಿ ಹಿಡಿಯುತ್ತದೆ. ಆಗ ಹ್ಯಾಂಡಲನ್ನು ಬಲವಂತವಾಗಿ ತಿರುಗಿಸಿದರೆ ಮಷೀನಿನ ಹಲ್ಲು ಮುರಿಯುತ್ತದೆ. ಚಾನಲ್‌ನ ಉದ್ದಕ್ಕೂ ಸೋಪಿನ ನೀರು ಅಥವಾ ಸಿಲಿಕಾನ್ ಸ್ಪ್ರೇ ಬಿಟ್ಟು ಸ್ವಲ್ಪ ಹೊತ್ತು ಕಾದು, ಒಬ್ಬರು ಗಾಜಿನ ಎರಡೂ ಮುಖವನ್ನು ಅಂಗೈಗಳ ನಡುವೆ ಒತ್ತಿ ಹಿಡಿದು ಕೆಳಕ್ಕೆ ಜಗ್ಗುತ್ತಿದ್ದರೆ, ಇನ್ನೊಬ್ಬರು ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಲಿ. ಎಂಜಿನ್ ಆಯಿಲ್ ಹಾಕುವ ರೂಢಿ ಇದೆ, ಅದು ತಪ್ಪು: ರಬ್ಬರ್ ಉಬ್ಬಿ ಕೆಡುತ್ತದೆ, ಧೂಳು ಮತ್ತಷ್ಟು ಕೂರುತ್ತದೆ.

ಕ್ವಾರ್ಟರ್ ಗ್ಲಾಸ್ ಮತ್ತು ನಡುಪಟ್ಟಿ

ಮುಂದಿನ ಬಾಗಿಲಲ್ಲಿ ತಿರುಗುವ ತ್ರಿಕೋನದ ಕ್ವಾರ್ಟರ್ ಗ್ಲಾಸ್ ಇದ್ದರೆ, ದೊಡ್ಡ ಗಾಜಿಗಿಂತ ಮೊದಲು ಅದು ಹೊರಬರಬೇಕು, ಏಕೆಂದರೆ ಎರಡರ ನಡುವಿನ ನಿಲುವು ಪಟ್ಟಿಯೇ ದೊಡ್ಡ ಗಾಜಿನ ಮುಂದಿನ ಚಾನಲ್. ಅದು ಹಿಂದಕ್ಕೆ ವಾಲಿದ ಹೊರತು ಯಾವುದಕ್ಕೂ ಜಾಗವಾಗುವುದಿಲ್ಲ. ಪಟ್ಟಿಯ ಮೇಲ್ತುದಿ ಬಾಗಿಲಿನ ಚೌಕಟ್ಟಿಗೆ ಸ್ಕ್ರೂ ಅಥವಾ ರಿವೆಟ್ಟಿನಿಂದ ಸೇರಿರುತ್ತದೆ, ಕೆಳತುದಿ ಬಾಗಿಲೊಳಗೆ ಇಳಿದು ಒಂದು ಬ್ರಾಕೆಟ್ಟಿಗೆ ಬೋಲ್ಟಾಗಿರುತ್ತದೆ. ಬ್ರಾಕೆಟ್ಟಿನ ರಂಧ್ರ ಉದ್ದನೆಯದಾಗಿರುವುದು ಹೊಂದಾಣಿಕೆಗಾಗಿ. ಬೋಲ್ಟ್ ಸಡಿಲಿಸುವ ಮೊದಲು ವಾಷರಿನ ಸುತ್ತ ಮೊಳೆಯ ಮೊನೆಯಿಂದ ಗೀರು ಎಳೆದಿಟ್ಟರೆ ಮರಳಿ ಕೂರಿಸುವಾಗ ಬಹಳಷ್ಟು ತಲೆನೋವು ತಪ್ಪುತ್ತದೆ. ಮಾರ್ಕರ್ ಗುರುತು ಸ್ಪ್ರೇ ತಾಗಿದರೆ ಅಳಿಸಿಹೋಗುತ್ತದೆ.

ಸ್ಕ್ರೂಗಳು ತುಕ್ಕಿನಿಂದ ಬಿಗಿದಿದ್ದರೆ ಹಿಂದಿನ ಸಂಜೆಯೇ ಸ್ಪ್ರೇ ಹೊಡೆದಿಟ್ಟು, ಬೆಳಿಗ್ಗೆ ಸ್ಕ್ರೂಡ್ರೈವರ್ ಊರಿ ಅದರ ತಲೆಗೆ ಒಂದೆರಡು ಹಗುರ ಏಟು ಕೊಟ್ಟು ತಿರುಗಿಸಿ. ಇದನ್ನೆಲ್ಲ ಮಾಡುವಾಗ ದೊಡ್ಡ ಗಾಜು ಪೂರ್ತಿ ಕೆಳಗೇ ಇರಲಿ. ಎಲ್ಲ ಬಿಡಿಸಿದ ಮೇಲೆ ನಡುಪಟ್ಟಿಯ ಮೇಲ್ತುದಿಯನ್ನು ಹಿಂದಕ್ಕೆ ವಾಲಿಸಿ, ಕ್ವಾರ್ಟರ್ ಗ್ಲಾಸನ್ನು ಅದರ ಚೌಕಟ್ಟು, ರಬ್ಬರ್ ಸಮೇತ ಮೇಲಕ್ಕೆತ್ತಿ. ಕೆಳಗಿನ ತಿರುಗುಣಿಯ ಸ್ಪ್ರಿಂಗ್ ಮತ್ತು ನಟ್ಟನ್ನು ಅಡ್ಡ ಬಂದರೆ ಮಾತ್ರ ಬಿಚ್ಚಬೇಕು. ಗಾಜು ಗಾಳಿಗೆ ತಾನೇ ತಿರುಗದೆ ನಿಲ್ಲುವುದು ಆ ಸ್ಪ್ರಿಂಗಿನ ಬಿಗಿಯಿಂದ, ಒಮ್ಮೆ ಸಡಿಲಿಸಿದ ಮೇಲೆ ಅದೇ ಬಿಗಿಯನ್ನು ಮತ್ತೆ ತರುವುದು ಕಷ್ಟ.

ಮಷೀನಿನ ತೋಳಿನಿಂದ ಬಿಡಿಸುವುದು

ದೊಡ್ಡ ಗಾಜಿನ ಕೆಳ ಅಂಚು ಲೋಹದ ಚಾನಲ್ ಒಂದರಲ್ಲಿ ಕೂತಿರುತ್ತದೆ. ಆ ಚಾನಲ್‌ಗೆ ಬೆಸೆದ ಹಳಿಯಲ್ಲಿ ಗ್ಲಾಸ್ ಮಷೀನಿನ ತೋಳಿನ ತುದಿಯ ರೋಲರ್ ಜಾರುತ್ತದೆ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುತ್ತ, ಒಳತಗಡಿನ ದೊಡ್ಡ ರಂಧ್ರದಲ್ಲಿ ಹಳಿ ಮತ್ತು ರೋಲರ್ ಎರಡೂ ಕಾಣುವ ಎತ್ತರಕ್ಕೆ ಗಾಜನ್ನು ತನ್ನಿ. ಆ ಎತ್ತರದಲ್ಲಿ ಗಾಜನ್ನು ಎರಡೂ ಬದಿಯ ಮರದ ಬೆಣೆಗಳಿಂದ ಹಿಡಿದು ನಿಲ್ಲಿಸಿ, ಇನ್ನೊಬ್ಬರು ಕೈಯಿಂದಲೂ ಹಿಡಿದಿರಲಿ, ಬೆಣೆಯೊಂದನ್ನೇ ನಂಬಬೇಡಿ.

ಹಳಿಯ ಒಂದು ತುದಿ ತೆರೆದಿರುತ್ತದೆ ಅಥವಾ ರೋಲರ್ ಹೊರಬರುವಷ್ಟು ಅಗಲವಾಗಿರುತ್ತದೆ. ಮಷೀನನ್ನು ಬಾಗಿಲಿಗೆ ಹಿಡಿದಿರುವ ಬೋಲ್ಟುಗಳನ್ನು ಅರ್ಧ ಸಡಿಲಿಸಿದರೆ ತೋಳು ಸ್ವಲ್ಪ ಅಲುಗಾಡಲು ಬಿಡುವಾಗಿ, ರೋಲರನ್ನು ಆ ತುದಿಗೆ ಸರಿಸಿ ಬಿಡಿಸಬಹುದು. ಎರಡು ತೋಳಿದ್ದರೆ ಎರಡನ್ನೂ ಒಂದಾದ ಮೇಲೊಂದು ಬಿಡಿಸಬೇಕು.

ಇಲ್ಲಿ ಎಚ್ಚರ ಬೇಕು. ಗಾಜಿನ ಭಾರ ಹೊರಲು ಮಷೀನಿನಲ್ಲಿ ಸುರುಳಿ ಸ್ಪ್ರಿಂಗ್ ಇದ್ದರೆ, ಗಾಜು ಬಿಟ್ಟ ಕ್ಷಣ ತೋಳು ಫಟ್ಟನೆ ಮೇಲಕ್ಕೆ ಬಡಿಯಬಹುದು. ಬೆರಳನ್ನು ತೋಳು ಮತ್ತು ತಗಡಿನ ನಡುವೆ ಇಟ್ಟು ಕೆಲಸ ಮಾಡಬೇಡಿ, ಸ್ಪ್ರಿಂಗನ್ನು ಅದರ ಕೊಂಡಿಯಿಂದ ಕಳಚುವ ಪ್ರಯತ್ನ ಬೇಡವೇ ಬೇಡ. ಹಲ್ಲು ಸವೆದು ಗಾಜು ಬಾಗಿಲೊಳಗೆ ಕುಸಿದು ಬಿದ್ದಿರುವ ಗಾಡಿಗಳಲ್ಲಿ ಏರಿಸುವ ಪ್ರಶ್ನೆಯೇ ಇಲ್ಲ. ರಂಧ್ರದಿಂದ ಕೈ ಹಾಕಿ, ಚಾನಲ್ ಸಮೇತ ಗಾಜನ್ನು ಮೇಲಕ್ಕೆ ತಳ್ಳಿ, ಬೆಣೆ ಕೊಟ್ಟು, ಆಮೇಲೆ ರೋಲರ್ ಬಿಡಿಸಬೇಕು.

ಗಾಜನ್ನು ಎತ್ತುವುದು

ಈಗ ಗಾಜನ್ನು ಹಿಡಿದಿರುವುದು ಹಿಂದಿನ ಫೆಲ್ಟ್ ಚಾನಲ್ ಮಾತ್ರ. ಒಬ್ಬರು ಹೊರಗಿನಿಂದ, ಒಬ್ಬರು ಒಳಗಿನಿಂದ ಅಂಗೈ ಊರಿ ಹಿಡಿದು, ಗಾಜಿನ ಮುಂದಿನ ತುದಿಯನ್ನು ಕೆಳಗೆ ವಾಲಿಸಿ, ಹಿಂದಿನ ಮೇಲ್ಮೂಲೆಯನ್ನು ಚೌಕಟ್ಟಿನಿಂದ ಬಿಡಿಸಿ, ಓರೆಯಾಗಿಯೇ ಸೀಳಿನಿಂದ ಮೇಲಕ್ಕೆ ತರಬೇಕು. ಕೆಲವು ಬಾಗಿಲುಗಳಲ್ಲಿ ಗಾಜು ಚೌಕಟ್ಟಿನ ಒಳಬದಿಯಿಂದ ಬರುತ್ತದೆ, ಕೆಲವುಗಳಲ್ಲಿ ಹೊರಬದಿಯಿಂದ, ಕೆಲವುಗಳಲ್ಲಿ ಹಿಂದಿನ ತುದಿಯನ್ನು ವಾಲಿಸಬೇಕಾಗುತ್ತದೆ. ಯಾವುದೇ ದಿಕ್ಕಿನಲ್ಲೂ ಗಾಜು ಬಿಗಿದು ನಿಂತಿತೆಂದರೆ ಏನೋ ಇನ್ನೂ ಹಿಡಿದಿದೆ ಎಂದೇ ಅರ್ಥ. ಎಳೆಯುವುದನ್ನು ನಿಲ್ಲಿಸಿ, ಕೆಳಗಿಳಿಸಿ, ಬೆಳಕು ಬಿಟ್ಟು ಹುಡುಕಿ. ಬಹುತೇಕ ಅದು ಮರೆತ ಬೀಡಿಂಗ್ ಕ್ಲಿಪ್ ಅಥವಾ ನಡುಪಟ್ಟಿಯ ಬೋಲ್ಟ್ ಆಗಿರುತ್ತದೆ.

ಕೆಳಗಿನ ಚಾನಲನ್ನಷ್ಟೇ ಹಿಡಿದು ಗಾಜನ್ನು ಎತ್ತಬಾರದು. ಚಾನಲ್ ಮತ್ತು ಗಾಜಿನ ನಡುವಿನ ರಬ್ಬರ್ ಪ್ಯಾಕಿಂಗ್ ಹಳೆಯದಾಗಿ ಪುಡಿಯಾಗಿದ್ದರೆ ಚಾನಲ್ ಕೈಯಲ್ಲಿ ಉಳಿದು ಗಾಜು ಜಾರುತ್ತದೆ.

ಹಿಂದಿನ ಬಾಗಿಲಲ್ಲೂ ಕ್ರಮ ಇದೇ. ಸ್ಥಿರವಾದ ಸಣ್ಣ ಗಾಜು ಇದ್ದರೆ ಅದರ ನಿಲುವು ಪಟ್ಟಿಯನ್ನು ಮುಂದಕ್ಕೆ ವಾಲಿಸಿ, ರಬ್ಬರ್ ಸಮೇತ ಸರಿಸಿ ತೆಗೆಯಬೇಕು.

ತುಕ್ಕು ಹಿಡಿದ ತಳದ ಚಾನಲ್

ಗಾಜು ಹೊರಬಂದ ಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಒಡೆಯುವುದು ಮಾತ್ರ ಆಮೇಲೆಯೇ ಹೆಚ್ಚು. ಚಾನಲ್‌ನ ಕಬ್ಬಿಣ ತುಕ್ಕಾಗುತ್ತ ಉಬ್ಬಿ ಗಾಜನ್ನು ಎರಡೂ ಕಡೆಯಿಂದ ಒತ್ತಿರುತ್ತದೆ. ಅದರೊಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಉಕ್ಕಿನ ಮೊನೆ ನೇರವಾಗಿ ಅಂಚಿಗೆ ತಾಗುತ್ತದೆ. ಚಾನಲ್ ಗಟ್ಟಿಯಾಗಿದ್ದರೆ, ಪ್ಯಾಕಿಂಗ್ ಹಿಡಿದಿದ್ದರೆ, ಅದನ್ನು ಬಿಚ್ಚದೆ ಮೇಲಿನ ತುಕ್ಕನ್ನಷ್ಟೇ ಉಜ್ಜಿ ತುಕ್ಕು ನಿರೋಧಕ ಬಣ್ಣ ಹಚ್ಚುವುದೇ ಲೇಸೆಂದು ನನ್ನ ಅಭಿಪ್ರಾಯ.

ಬಿಚ್ಚಲೇಬೇಕಾದರೆ, ಮೊದಲು ಗಾಜಿನ ಮುಂದಿನ ಅಂಚಿನಿಂದ ಚಾನಲ್ ತುದಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದು ಬರೆದುಕೊಳ್ಳಿ. ಈ ಅಳತೆ ತಪ್ಪಿದರೆ ಗಾಜು ಮುಂದೆ ಓರೆಯಾಗಿ ಏರುತ್ತದೆ. ಗಾಜನ್ನು ಕೌದಿಯ ಮೇಲೆ ಮಲಗಿಸಿ, ಚಾನಲ್ ಮೇಜಿನ ಅಂಚಿನಿಂದ ಹೊರಗಿರುವಂತೆ ಇಟ್ಟು, ಸಂದಿಗೆ ಸೋಪಿನ ನೀರು ಅಥವಾ ಸ್ಪ್ರೇ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಮರದ ತುಂಡನ್ನು ಚಾನಲ್ ಅಂಚಿಗೆ ಒತ್ತಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗಿ-ಬಂದು ಹಗುರವಾಗಿ ತಟ್ಟುತ್ತಿದ್ದರೆ ಅದು ಎಳೆಯೆಳೆಯಾಗಿ ಸರಿಯುತ್ತದೆ. ಒಂದೇ ತುದಿಗೆ ತಟ್ಟಿದರೆ ಚಾನಲ್ ತಿರುಚಿ ಗಾಜನ್ನು ಮುರಿಯುತ್ತದೆ.

ಗಾಜನ್ನು ಇಡುವುದು

ಪ್ರತಿ ಗಾಜಿಗೂ ಟೇಪ್ ಅಂಟಿಸಿ ಎಡ, ಬಲ, ಮುಂದೆ, ಹಿಂದೆ, ಹೊರಮುಖ ಯಾವುದು ಎಂದು ಬರೆಯಿರಿ. ಮರದ ಎರಡು ಪಟ್ಟಿಗಳ ಮೇಲೆ ಕಂಬಳಿ ಹಾಸಿ, ಗೋಡೆಗೆ ಸ್ವಲ್ಪ ಒರಗಿಸಿ ನಿಲ್ಲಿಸಿಡಿ. ಒಂದರ ಮೇಲೊಂದು ಮಲಗಿಸಿಡಬೇಡಿ. ಗಾಜುಗಳ ನಡುವೆ ಒಣಗಿದ ಬಟ್ಟೆ ಇರಲಿ, ಸಂದಿಯಲ್ಲಿ ನೀರು ನಿಂತರೆ ಬಿಳಿಯ ಕಲೆ ಬೀಳುತ್ತದೆ. ಡೆಂಟಿಂಗ್ ಮುಗಿಯುವವರೆಗೆ ಇವು ಗ್ಯಾರೇಜಿನಲ್ಲಿ ಅಲ್ಲ, ಮನೆಯಲ್ಲಿ ಇರಬೇಕು.

ಹಳೆಯ ಕಪ್ಪು ಫಿಲ್ಮ್ ಇದ್ದರೆ ಅದನ್ನು ಕಿತ್ತು ಅಂಟು ತೊಳೆಯಲು ಇದೇ ಸಮಯ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮವು ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ 50ರಷ್ಟು ಬೆಳಕು ಹಾಯಬೇಕೆನ್ನುತ್ತದೆ. ಮೇಲಿಂದ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ನಿಷೇಧಿಸಿತು.

ಗಾಜು ಒಡೆದೇಹೋದರೆ ಪೇಟೆಯ ಗಾಜಿನ ಅಂಗಡಿಯಲ್ಲಿ ಸಾದಾ ಗಾಜು ಕತ್ತರಿಸಿ ಹಾಕಿಸಬೇಡಿ. ಅದೇ ನಿಯಮದ ಪ್ರಕಾರ ವಾಹನಕ್ಕೆ ಸುರಕ್ಷಾ ಗಾಜೇ ಬೇಕು. ಟಫನ್ಡ್ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಬರುವುದಿಲ್ಲವಾದ್ದರಿಂದ, ಮೊದಲು ಆಕಾರಕ್ಕೆ ಕತ್ತರಿಸಿ, ಅಂಚು ಉಜ್ಜಿ, ಆಮೇಲೆ ಟಫನ್ ಮಾಡಿಸಬೇಕು. ಎಡಬದಿಯ ಗಾಜು ಉಳಿದಿದ್ದರೆ ಬಲಬದಿಗೆ ಅದರ ಅಚ್ಚನ್ನೇ ಮಗುಚಿ ಬಳಸಬಹುದು. ಫೆಲ್ಟ್, ಬೀಡಿಂಗ್, ಕ್ಲಿಪ್ಪುಗಳಿಗೆ ಸೊಲ್ಲಾಪುರ ಅಥವಾ ಹೈದರಾಬಾದಿನ ಹಳೆ ಬಿಡಿಭಾಗಗಳ ಅಂಗಡಿಗಳನ್ನು ಹುಡುಕುವವರು ಕೈಯಲ್ಲಿ ಹಳೆಯ ತುಂಡನ್ನು ನಮೂನೆಗೆ ಒಯ್ಯಲಿ. ಮಾದರಿಯ ಹೆಸರು ಹೇಳಿ ತಂದ ಬೀಡಿಂಗ್ ದಪ್ಪದಲ್ಲಿ ಹೊಂದದಿರುವುದು ಸಾಮಾನ್ಯ.

ಡೆಂಟರ್ ಕೈಗೆ ಬಾಗಿಲು ಕೊಡುವ ಮುನ್ನ

ಗಾಜು ಹೋದ ಮೇಲೆ ಮಷೀನನ್ನೂ ಬೋಲ್ಟ್ ಬಿಚ್ಚಿ ತೆಗೆಯಿರಿ, ಫೆಲ್ಟ್ ಚಾನಲನ್ನು ಕಿತ್ತು ಅದರ ಹಿಂದಿನ ತುಕ್ಕನ್ನು ನೋಡಿ. ಬಾಗಿಲಿನ ಲಾಕ್ ಮಾತ್ರ ಅಲ್ಲೇ ಇರಲಿ, ಬಾಗಿಲು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಡೆಂಟರ್ ನೋಡುವುದು ಅದರಿಂದಲೇ. ಬಾಗಿಲಿನ ತಳದಲ್ಲಿ ಗಟ್ಟಿಯಾಗಿ ಕೂತ ಮಣ್ಣನ್ನು ಕೆರೆದು ತೆಗೆದರೆ ನೀರು ಹೋಗುವ ರಂಧ್ರಗಳು ಕಾಣುತ್ತವೆ. ಕಲಬುರಗಿಯ ಒಣಹವೆಯಲ್ಲಿಯೂ ಬಾಗಿಲಿನ ಕೆಳ ಅಂಚು ಕೊಳೆಯುವುದು ಈ ರಂಧ್ರಗಳು ಮುಚ್ಚಿಕೊಂಡು ಮಳೆಗಾಲದ ನೀರು ಒಳಗೇ ನಿಲ್ಲುವುದರಿಂದ. ವೆಲ್ಡಿಂಗ್ ಮತ್ತು ಪುಟ್ಟಿಯಲ್ಲಿ ಅವು ಮತ್ತೆ ಮುಚ್ಚದಂತೆ ಪ್ರತಿಯೊಂದರ ಪಕ್ಕ ಗುರುತು ಮಾಡಿ ಡೆಂಟರಿಗೆ ತೋರಿಸಿಕೊಡಿ.

ಇನ್ನೊಂದು ಷರತ್ತನ್ನು ಮೊದಲೇ ಮಾತಾಡಿಕೊಳ್ಳಬೇಕು. ಕಿಟಕಿಯ ಚೌಕಟ್ಟನ್ನು ಬಡಿದಿದ್ದರೆ ಅಥವಾ ಬೆಸೆದಿದ್ದರೆ, ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುನ್ನ, ಹೊಸ ಫೆಲ್ಟನ್ನು ತಾತ್ಕಾಲಿಕವಾಗಿ ಸಿಕ್ಕಿಸಿ ಗಾಜನ್ನು ಒಮ್ಮೆ ಇಳಿಸಿ ಏರಿಸಿ ನೋಡಬೇಕು. ಚೌಕಟ್ಟು ಎರಡು-ಮೂರು ಮಿಲಿಮೀಟರ್ ಒಳಸರಿದಿದ್ದರೂ ಗಾಜು ಅಲ್ಲಿ ಕಚ್ಚುತ್ತದೆ, ಪ್ರೈಮರ್ ಹಂತದಲ್ಲಿ ಅದನ್ನು ಮರದ ಸುತ್ತಿಗೆಯಿಂದ ಸರಿಪಡಿಸಬಹುದು. ಗಾಜಿಲ್ಲದ ಬಾಗಿಲು ಹಗುರವಾಗಿರುವುದರಿಂದ ಸವೆದ ಕೀಲುಗಳ ಮೇಲೆ ಸ್ವಲ್ಪ ಎತ್ತರಕ್ಕೆ ನಿಂತಿರುತ್ತದೆ. ಬಾಗಿಲು ಮತ್ತು ಬಾಡಿಯ ನಡುವಿನ ಸಂದಿಯನ್ನು ಅಂತಿಮವಾಗಿ ಒಪ್ಪಿಕೊಳ್ಳುವುದೂ ಗಾಜು ಮತ್ತು ಮಷೀನು ಒಳಗಿರುವಾಗಲೇ ಆಗಬೇಕು.